ಗಾಜಿನ ಕೋಣೆಯ ‘ಅಳಿಯ’ನಿಗೆ ಪಾಠ ಹೇಳುವ ಕನ್ನಡಿ ಅಕ್ಕ

ಬೆಳಗಿನ ಐದೂಮುಕ್ಕಾಲು. ಕಾರ್ಖಾನೆಯ ಹಿಂಬದಿಯ ಪಾಲಿಶ್ ಶೆಡ್ಡಿನಲ್ಲಿ ಒಂದು ಸಾಲು ದೀಪ ಮಾತ್ರ ಹೊತ್ತಿದೆ. ಮೂಲೆಯಲ್ಲಿ ಹೊಸದಾಗಿ ಎಬ್ಬಿಸಿದ ಗಾಜಿನ ಕೋಣೆ. ಅದರೊಳಗೆ ಆಳೆತ್ತರದ ಹಳದಿ ಯಂತ್ರವೊಂದು ತನ್ನ ಒಂಟಿ ತೋಳನ್ನು ಮಡಚಿಕೊಂಡು ನಿಂತಿದೆ. ಅದರ ಪಕ್ಕದಲ್ಲಿ ಗಿರ್ರನೆ ಸುತ್ತುತ್ತಿರುವ ಬಟ್ಟೆಯ ಚಕ್ರಕ್ಕೆ ಐವತ್ತೈದು ವರ್ಷದ ಮಹಿಳೆಯೊಬ್ಬರು ಉದ್ದ ಹಿಡಿಯ ಕಬ್ಬಿಣದ ಬಾಚಣಿಗೆಯನ್ನು ಒತ್ತಿ ಹಿಡಿದಿದ್ದಾರೆ. ಕಪ್ಪು ನೂಲಿನ ಪುಡಿ ಎದ್ದು ಹಿಂದಿನ ದೊಡ್ಡ ಕೊಳವೆಯ ಬಾಯಿಗೆ ಹೋಗಿ ಬೀಳುತ್ತಿದೆ. ಅವರು ಬಾಚಣಿಗೆ ಹಿಂದಕ್ಕೆಳೆದುಕೊಂಡು, ಬಲಗಿವಿಯ ರಬ್ಬರ್ ಬಿರಡೆ ಒಂದು ಗಳಿಗೆ ತೆಗೆದು, ತಲೆ ಓರೆ ಮಾಡಿ ಚಕ್ರದ ದನಿಗೆ ಕಿವಿಗೊಡುತ್ತಾರೆ.

“ಈಗ ಗಂಟಲು ಸರಿಯಾಯ್ತು. ರಾತ್ರಿಯೆಲ್ಲ ತಣ್ಣಗೆ ಕೂತಿರುತ್ತಲ್ಲ, ಬೆಳಗ್ಗೆ ಸ್ವಲ್ಪ ಕಟ್ಟಿರುತ್ತೆ.”

ಬಿರಡೆ ಮತ್ತೆ ಕಿವಿಗೆ ಹೋಗುತ್ತದೆ. ಗಾಜಿನ ಬಾಗಿಲು ಮುಚ್ಚಿ, ಕೈಯಲ್ಲಿದ್ದ ತಟ್ಟೆಯಗಲದ ಪರದೆಯ ಮೇಲೆ ಹಸಿರು ಗುಂಡಿ ಒತ್ತುತ್ತಾರೆ. ಯಂತ್ರದ ತೋಳು ಮೈಮುರಿದು ಎದ್ದು, ಸ್ಟೀಲಿನ ವಾಲ್ವೊಂದನ್ನು ಎತ್ತಿ, ಚಕ್ರದ ಮುಂದೆ ಹಿಡಿದು, ಮೆಲ್ಲಗೆ ಹೊರಳಿಸತೊಡಗುತ್ತದೆ. ಗಮನಿಸಿ ನೋಡಿದರೆ ಆ ಹೊರಳಿಸುವಿಕೆಯಲ್ಲಿ ಒಂದು ಪುಟ್ಟ ಬಾಗು ಇದೆ. ಅಂಚು ಬಂದಾಗ ತೋಳು ತುಸು ಹಿಂದಕ್ಕೆ ಸರಿಯುತ್ತದೆ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಅದು ಯಂತ್ರ ಮಾಡಿದ ಕಂಪನಿ ಹೇಳಿಕೊಟ್ಟದ್ದಲ್ಲ, ಇವರು ಕಲಿಸಿದ್ದು.

ಕಾರ್ಖಾನೆಯಲ್ಲಿ ಯಜಮಾನರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಇವರು ಕನ್ನಡಿ ಅಕ್ಕ. ಇಲ್ಲಿ ತಯಾರಾಗುವುದು ಹಾಲಿನ ಘಟಕಗಳ ಕೊಳವೆಗಳಿಗೆ ಕೂರಿಸುವ ಸ್ಟೀಲ್ ವಾಲ್ವ್. ಕೊರೆಯುವ ಯಂತ್ರದಿಂದ ಹೊರಬಂದಾಗ ಅದರ ಮೈತುಂಬ ಕೂದಲೆಳೆಯಂಥ ಗೆರೆಗಳಿರುತ್ತವೆ. ಅವನ್ನು ಒರಟು ಪಟ್ಟಿಯಿಂದ ಒಮ್ಮೆ, ನಯ ಪಟ್ಟಿಯಿಂದ ಒಮ್ಮೆ, ನಾರಿನ ಚಕ್ರದಿಂದ ಒಮ್ಮೆ, ಕೊನೆಗೆ ಬಟ್ಟೆಯ ಚಕ್ರದಿಂದ ಒಮ್ಮೆ ಉಜ್ಜಿ ಮುಖ ಕಾಣುವ ಹಾಗೆ ಮಾಡಬೇಕು. ಇದು ಬರಿ ಚಂದಕ್ಕೆ ಮಾಡುವ ಕೆಲಸವಲ್ಲ. “ಒಂದು ಗೆರೆ ಉಳಿದ್ರೂ ಅದರಲ್ಲಿ ಹಾಲು ಕೂತ್ಕೊಳುತ್ತೆ. ಕೂತಿದ್ದು ಹುಳಿಯಾಗುತ್ತೆ. ಯಾವುದೋ ಮನೇಲಿ ಮಗುವಿಗೆ ಹೊಟ್ಟೆ ಕೆಡುತ್ತೆ. ಆ ಮಗು ನನಗೆ ಗೊತ್ತಿಲ್ಲ, ಅದಕ್ಕೆ ನಾನೂ ಗೊತ್ತಿಲ್ಲ. ಆದ್ರೂ ಬೈಗುಳ ನನಗೇ ತಾನೆ ಬರ್ಬೇಕು?” ಎಂದು ಅಕ್ಕ ನಗುತ್ತಾರೆ.

ಅವರು ಚಕ್ರದ ಮುಂದೆ ಬಂದು ನಿಂತದ್ದೇ ಒಂದು ತಮಾಷೆ. ಇಪ್ಪತ್ತಾರು ವರ್ಷದ ಹಿಂದೆ ಸೇರಿದ್ದು ಪ್ಯಾಕಿಂಗಿಗೆ. ಪಾಲಿಶ್ ಆಗಿ ಬಂದ ಮಾಲನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕಾಗದ ಸುತ್ತಿ, ಪೆಟ್ಟಿಗೆಗೆ ಹಾಕುವುದು ಅಷ್ಟೇ ಕೆಲಸ. ಆದರೆ ಒರೆಸುತ್ತ ಒರೆಸುತ್ತ ಇವರಿಗೆ ಗೆರೆಗಳು ಕಾಣತೊಡಗಿದವು. ಕಂಡ ಗೆರೆಯನ್ನು ಸುಮ್ಮನೆ ಬಿಡುವ ಸ್ವಭಾವವಲ್ಲ. ದಿನಕ್ಕೆ ಹತ್ತು ಸಲ ಮಾಲು ಹಿಂದಕ್ಕೆ ಹೊತ್ತುಕೊಂಡು ಹೋಗಿ, “ಮಾಸ್ತರೇ, ಇಲ್ಲೊಂದು ಉಳಿದಿದೆ” ಎನ್ನುತ್ತಿದ್ದರು. ಆಗಿನ ಪಾಲಿಶ್ ಮಾಸ್ತರರು ಮೂರು ವರ್ಷ ಸಹಿಸಿಕೊಂಡು, ಒಂದು ದಿನ ತಮ್ಮ ಕೈಗವಸು ಬಿಚ್ಚಿ ಇವರ ಕೈಗೆ ಕೊಟ್ಟು, “ತಗೊಳ್ಳಮ್ಮ, ನೀನೇ ಮಾಡು” ಎಂದರಂತೆ. ಅದು ಬೈಗುಳ. ಇವರು ಅದನ್ನು ಬಡ್ತಿ ಎಂದು ತಿಳಿದುಕೊಂಡು ಗವಸು ಹಾಕಿಕೊಂಡೇಬಿಟ್ಟರು.

“ಮೊದಲನೇ ದಿನ ಮೂರು ಪೀಸು ಹಾಳು ಮಾಡಿದೆ. ಮಾಸ್ತರಿಗೆ ಅವತ್ತಿನಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ,” ಎನ್ನುತ್ತಾರೆ. ಆರು ತಿಂಗಳಿಗೆ ಅದೇ ಮಾಸ್ತರರು ಬಂದವರಿಗೆಲ್ಲ ಇವರ ಮಾಲು ತೋರಿಸಿ, “ಇದರಲ್ಲಿ ತಲೆ ಬಾಚ್ಕೋಬಹುದು ನೋಡಿ” ಎಂದು ಹೇಳತೊಡಗಿದರು. ಕನ್ನಡಿ ಎಂಬ ಹೆಸರು ಅಂಟಿದ್ದು ಅಲ್ಲಿಂದ.

ಅಲ್ಲಿಂದ ಇಪ್ಪತ್ತಮೂರು ವರ್ಷ. ಒಂದು ವಾಲ್ವ್ ಎರಡೂವರೆ ಕಿಲೋ ತೂಗುತ್ತದೆ. ಒಂದಕ್ಕೆ ಒಂಬತ್ತು ನಿಮಿಷ, ದಿನಕ್ಕೆ ನಲವತ್ತೈದು. ಒಂದೊಂದನ್ನೂ ನಾಲ್ಕು ಸಲ ಎತ್ತಬೇಕು, ನಾಲ್ಕು ಸಲ ಎದೆಯೆತ್ತರಕ್ಕೆ ಹಿಡಿದು ಒತ್ತಬೇಕು. ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು ಸುತ್ತುವ ಚಕ್ರದ ನಡುಕ ಬೆರಳಿನಿಂದ ಹೊರಟು ಭುಜದವರೆಗೆ ಹರಿಯುತ್ತದೆ. ಸಂಜೆ ಹೊರಗೆ ಬಂದಾಗ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. “ಮದುವೆಯಾದ ಹೊಸದರಲ್ಲಿ ಇವಳು ಬಿಳೀನೇ ಇದ್ಲು” ಎಂಬುದು ದರ್ಜಿ ಕೆಲಸ ಮಾಡುವ ಗಂಡನ ಹಳೇ ಜೋಕು. ಮನೆಗೆ ಯಾರೇ ಬರಲಿ, ಒಮ್ಮೆ ಹೇಳದೆ ಬಿಡುವುದಿಲ್ಲ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಒಳಗೆ ಎರಡು ಮಂಚ, ಕಿಟಕಿಯ ಬಳಿ ಮಗಳ ಓದುವ ಮೇಜು. ಆ ಮನೆಯಲ್ಲಿ ಸ್ಟೀಲಿನ ಒಂದು ಲೋಟವೂ ಮಸುಕಾಗಿ ಇರಕೂಡದು, ಅದು ಅಲ್ಲಿನ ಕಾನೂನು.

ಐದು ವರ್ಷದ ಹಿಂದೆ ಒಂದು ಸಂಜೆ ಗಂಡ ಕೈಜಾರಿ ಚೆಲ್ಲಿದ ಗುಂಡುಪಿನ್ನುಗಳನ್ನು ಎತ್ತಿಕೊಡಲು ಅಕ್ಕ ನೆಲಕ್ಕೆ ಬಗ್ಗಿದರು. ಬೆರಳಿಗೆ ಪಿನ್ನು ಸಿಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ನೋಡಿ, ಇದು ನಡುಕದ ಕೆಲಸ ಮಾಡುವವರಿಗೆ ಬರುವ ತೊಂದರೆ, ಚಕ್ರದ ಮುಂದೆ ನಿಲ್ಲುವುದನ್ನು ಕಡಿಮೆ ಮಾಡಿ ಎಂದರು. “ಕಡಿಮೆ ಮಾಡಿ ಅಂದ್ರೆ ಹೇಗೆ ಮಾಡ್ಲಿ? ಅರ್ಧ ವಾಲ್ವಿಗೆ ಪಾಲಿಶ್ ಮಾಡಿ ಕಳಿಸ್ಲಾ ಅಂತ ಕೇಳ್ದೆ. ಡಾಕ್ಟರಿಗೆ ನಗು ಬರ್ಲಿಲ್ಲ,” ಎಂದು ಅಕ್ಕ ನೆನಪಿಸಿಕೊಳ್ಳುತ್ತಾರೆ.

ಯಂತ್ರ ಬಂದದ್ದು ಹೋದ ವರ್ಷ. ಒಂದು ಬೆಳಿಗ್ಗೆ ಕ್ರೇನಿನಿಂದ ಹಳದಿ ತೋಳನ್ನು ಇಳಿಸಿದರು, ವಾರದೊಳಗೆ ಗಾಜಿನ ಕೋಣೆ ಎದ್ದಿತು. ಪಾಲಿಶ್ ಶೆಡ್ಡಿನಲ್ಲಿ ಆಗ ಐದು ಜನ. ಐವರಲ್ಲಿ ಅಕ್ಕನಿಗಿಂತ ಹಳಬರು ಉದ್ದಣ್ಣ ಒಬ್ಬರೇ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು. ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿದ ಉದ್ದಣ್ಣ, “ಇದು ನಮ್ಮ ಅಳಿಯ ಕಣ್ರಪ್ಪ. ಗಾಜಿನ ಮನೆ ಬೇಕು, ಧೂಳಾಗಲ್ಲ, ಹೊತ್ತೊತ್ತಿಗೆ ಎಲ್ಲ ಕೈಗೇ ಕೊಡ್ಬೇಕು, ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಮುನಿಸ್ಕೊಂಡು ನಿಂತುಬಿಡುತ್ತೆ” ಎಂದರು. ಎಲ್ಲರೂ ನಕ್ಕರು. ನಕ್ಕು ಮುಗಿಸಿ ತಂತಮ್ಮ ಚಕ್ರಕ್ಕೆ ಮರಳಿದರು. ಅಳಿಯ ಒಳಗೆ ಬಂದ ಮೇಲೆ ಹೊರಗೆ ಹೋಗುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಂತ್ರಕ್ಕೆ ಕೆಲಸ ಕಲಿಸಲು ಅದರ ಕಂಪನಿಯಿಂದ ಒಬ್ಬ ಎಂಜಿನಿಯರ್ ಹುಡುಗಿ ಬಂದಿದ್ದಳು. ಮೊಣಕಾಲವರೆಗಿನ ಬೂಟು, ಹೆಗಲಿಗೊಂದು ಚೀಲ, ಕೈಯಲ್ಲಿ ಯಾವಾಗಲೂ ನೋಟ್‌ಪುಸ್ತಕ. ಮೊದಲ ದಿನ ಯಂತ್ರ ಉಜ್ಜಿದ ವಾಲ್ವ್ ನೋಡಿ ಅವಳ ಮುಖ ಇಳಿದುಹೋಯಿತು. ಚೂಪಾಗಿರಬೇಕಾದ ಅಂಚುಗಳೆಲ್ಲ ಬಾಯಲ್ಲಿಟ್ಟು ಚೀಪಿದ ಹಾಗೆ ದುಂಡಗಾಗಿದ್ದವು, ನಡುವೆ ಒಂದು ಕಡೆ ಕಾದು ನೀಲಿ ಕಲೆ ಬಿದ್ದಿತ್ತು. ಅವಳು ಅದನ್ನು ಹಿಡಿದುಕೊಂಡು ನೇರ ಅಕ್ಕನ ಬಳಿ ಬಂದಳು.

“ಅಕ್ಕ, ನೀವು ಎಷ್ಟು ಜೋರಾಗಿ ಒತ್ತುತ್ತೀರ?”

“ಎಷ್ಟು ಬೇಕೋ ಅಷ್ಟು, ಮೇಡಂ.”

“ಅದೇ, ಎಷ್ಟು?”

ಅಕ್ಕ ಗಾಳಿಯಲ್ಲೇ ಒತ್ತಿ ತೋರಿಸಿದರು. ಹುಡುಗಿ ಪ್ಯಾಕಿಂಗ್ ಕೋಣೆಯಿಂದ ಪೆಟ್ಟಿಗೆ ತೂಗುವ ತಕ್ಕಡಿ ತಂದು ಮೇಜಿನ ಮೇಲಿಟ್ಟಳು. ಕಣ್ಣು ಮುಚ್ಚಿಕೊಂಡು, ಇದೇ ಚಕ್ರ ಎಂದುಕೊಂಡು, ವಾಲ್ವನ್ನು ಅದರ ಮೇಲೆ ಒತ್ತಿ ಎಂದಳು. ಅಕ್ಕ ಒತ್ತಿದರು. ಹುಡುಗಿ ವಾಲ್ವಿನ ತೂಕ ಕಳೆದು ಬರೆದುಕೊಂಡಳು: ಮೂರು ಕಿಲೋ ನೂರು ಗ್ರಾಂ. ಇನ್ನೊಮ್ಮೆ ಎಂದಳು. ಮೂರು ಕಿಲೋ ನೂರು. ಮೂರನೇ ಸಲ ಮೂರು ಕಿಲೋ ಎಂಬತ್ತು. “ಈಗ ಅಂಚು ಬಂತು ಅಂದ್ಕೊಳ್ಳಿ” ಎಂದಳು. ಅಕ್ಕನ ಕೈ ತಾನಾಗಿ ಹಗುರಾಯಿತು. ಆರುನೂರು ಗ್ರಾಂ. ಸುತ್ತ ನಿಂತವರೆಲ್ಲ ತಕ್ಕಡಿಗೆ ಬಗ್ಗಿ ನೋಡಿದರು. ಅವತ್ತು ಊಟದ ಹೊತ್ತಿನಲ್ಲಿ ಐವರೂ ಸರದಿಯಲ್ಲಿ ತಕ್ಕಡಿ ಒತ್ತಿದರು. ಅಕ್ಕನಷ್ಟು ಒಂದೇ ಸಮನಾಗಿ ಯಾರ ಕೈಗೂ ಬರಲಿಲ್ಲ.

ಈ ಲೆಕ್ಕ ತುಂಬಿಸಿದ ಮೇಲೆ ಯಂತ್ರ ದಾರಿಗೆ ಬಂತು. ಬೆಳಿಗ್ಗೆ ಮಾಡಿದ ವಾಲ್ವುಗಳು ಫಳಫಳ ಹೊಳೆಯತೊಡಗಿದವು. ಆದರೆ ಹತ್ತು ಗಂಟೆ ದಾಟಿದರೆ ಸಾಕು, ಮಾಲಿನ ಮೇಲೆ ಮಬ್ಬು ಕವಿಯುತ್ತಿತ್ತು. ಹುಡುಗಿ ಸುತ್ತುವ ವೇಗ ನೋಡಿದಳು, ಶಾಖ ನೋಡಿದಳು, ಚಕ್ರಕ್ಕೆ ಸವರುವ ಮೇಣದಂಥ ಸೋಪನ್ನು ಬದಲಿಸಿದಳು. ಚಕ್ರ ಸವೆದು ಚಿಕ್ಕದಾಗುವುದರ ಲೆಕ್ಕವನ್ನು ಅವಳು ಮೊದಲೇ ಹಾಕಿದ್ದಳು, ಅದನ್ನೂ ಮತ್ತೆ ತಾಳೆ ನೋಡಿದಳು. ಮಬ್ಬು ಹೋಗಲಿಲ್ಲ.

ಕಾರಣ ಪಾಲಿಶ್ ಶೆಡ್ಡಿನ ಐವರಿಗೂ ಗೊತ್ತಿತ್ತು. ಬಟ್ಟೆಯ ಚಕ್ರ ಸೋಪು ತಿಂದು ತಿಂದು ಮೈಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಅದು ಉಜ್ಜುವುದಿಲ್ಲ, ಜಾರುತ್ತದೆ. ಆಗ ಅದರ ದಪ್ಪ ದನಿ ತೆಳ್ಳಗಾಗಿ ಸೀಟಿಯಂತೆ ಕೇಳುತ್ತದೆ. ಕೇಳಿದ ಕೂಡಲೇ ಬಾಚಣಿಗೆ ಹಿಡಿದು ಅದರ ಮೈ ಕೆದರಬೇಕು. ಕಂಪನಿಯ ಪುಸ್ತಕದಲ್ಲಿ ದಿನಕ್ಕೊಮ್ಮೆ ಬಾಚಿ ಎಂದಿತ್ತು. ಈ ಸೋಪಿಗೆ, ಈ ಮಾಲಿಗೆ ಹದಿನೆಂಟು ವಾಲ್ವಿಗೊಮ್ಮೆ ಬೇಕು. ಗಾಜಿನ ಕೋಣೆಯ ಹೊರಗೆ ನಿಂತ ಹುಡುಗಿಗೆ ದನಿ ಕೇಳಿಸುತ್ತಿರಲಿಲ್ಲ, ಒಳಗಿದ್ದ ಅಳಿಯನಿಗೆ ಕಿವಿ ಇರಲಿಲ್ಲ. ಕಿವಿ ಇದ್ದ ಐವರೂ ಬಾಯಿಗೆ ಬೀಗ ಹಾಕಿಕೊಂಡರು.

“ಹನ್ನೊಂದು ದಿನ ಸುಮ್ಮನಿದ್ದೆ,” ಎನ್ನುವಾಗ ಅಕ್ಕ ದನಿ ತಗ್ಗಿಸುತ್ತಾರೆ. “ಆ ಹುಡುಗಿ ಒಬ್ಬಳೇ ಕೂತು ಊಟ ಮಾಡೋಳು, ಅನ್ನದ ಡಬ್ಬಿ ಪಕ್ಕದಲ್ಲೇ ಪುಸ್ತಕ. ನೋಡಿದ್ರೆ ಪಾಪ ಅನ್ಸೋದು. ಆದ್ರೂ ಬಾಯಿ ಬಿಡ್ಲಿಲ್ಲ. ಇದು ಕೆಟ್ಟುಹೋದ್ರೆ ನಾವು ಐದು ಜನ ಉಳಿತೀವಿ ಅಂತ ಲೆಕ್ಕ. ಮನೇಲಿ ಗಂಡನಿಗೂ ಹೇಳಿರ್ಲಿಲ್ಲ.”

ಹನ್ನೆರಡನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಉದ್ದಣ್ಣನ ಕೈಯಿಂದ ವಾಲ್ವ್ ಜಾರಿತು. ಚಕ್ರ ಅದನ್ನು ಕಿತ್ತುಕೊಂಡು ಎಸೆದ ರಭಸಕ್ಕೆ ಎರಡೂವರೆ ಕಿಲೋ ಸ್ಟೀಲು ಅವರ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ತಗಡಿನ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಗೋಡೆ ಮಾತ್ರ ಬೋಗುಣಿಯಷ್ಟು ಒಳಗೆ ಹೋಗಿದೆ, ಇವತ್ತಿಗೂ ಇದೆ. ಉದ್ದಣ್ಣ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡುತ್ತ ನಿಂತರು. ಆಮೇಲೆ ಮೆತ್ತಗೆ, “ಹಿಡ್ಕೊಂಡಿದ್ದೀನಿ ಅಂತಲೇ ಅಂದ್ಕೊಂಡಿದ್ದೆ ಕಣಕ್ಕ” ಎಂದರು. ಅವರ ಬೆರಳೂ ಅಕ್ಕನ ಬೆರಳಿನ ಹಾಗೇ ಆಗಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ.

ಅಕ್ಕ ಚಕ್ರ ನಿಲ್ಲಿಸಿದರು. ಮುಖ ತೊಳೆಯಲಿಲ್ಲ, ಗವಸೂ ಬಿಚ್ಚಲಿಲ್ಲ, ಹಾಗೇ ಯಜಮಾನರ ಕೋಣೆಗೆ ಹೋಗಿ ನಿಂತರು.

“ಯಜಮಾನ್ರೇ, ಯಂತ್ರ ಯಾಕೆ ಸರಿಯಾಗಿ ಮಾಡ್ತಿಲ್ಲ ಅಂತ ನನಗೆ ಗೊತ್ತು. ಅದನ್ನ ಸರಿ ಮಾಡಿಕೊಡ್ತೀನಿ. ಆದರೆ ನಮ್ಮಲ್ಲಿ ಯಾರನ್ನೂ ಮನೆಗೆ ಕಳಿಸ್ಬಾರ್ದು. ಐದೂ ಜನ ಆ ಯಂತ್ರ ನಡೆಸೋದನ್ನ ಕಲೀಬೇಕು. ಕೈಯಲ್ಲಿ ಉಜ್ಜೋ ಕೆಲಸ ಯಾರಿಗೂ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬೇಡ.”

“ನಾನೇನು ನಿಮ್ಮನ್ನ ಕಳಿಸ್ತೀನಿ ಅಂದಿದ್ನಾ?” ಎಂದರು ಯಜಮಾನರು.

“ಕಳಿಸಲ್ಲ ಅಂತಲೂ ಅಂದಿಲ್ಲ.”

ಯಜಮಾನರು ಕೆಟ್ಟವರಲ್ಲ, ಆದರೆ ಯಾವ ಮಾತಿಗೂ ತಕ್ಷಣ ಹೂಂ ಎನ್ನುವವರಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದರು. ಅಕ್ಕ, ನಾನೂ ಯೋಚನೆ ಮಾಡಿ ಕಲಿಸುತ್ತೇನೆ ಎಂದು ಹೇಳಿ ಬಂದುಬಿಟ್ಟರು. ಎರಡು ದಿನ ಏನೂ ನಡೆಯಲಿಲ್ಲ. ಮೂರನೇ ದಿನ ಯಜಮಾನರು ತಾವೇ ಶೆಡ್ಡಿಗೆ ಬಂದರು. ಗೋಡೆಯ ತಗ್ಗಿನ ಮೇಲೆ ಕೈಯಾಡಿಸಿದರು, ಉದ್ದಣ್ಣನ ಬೆರಳು ಹಿಡಿದು ನೋಡಿದರು. ಅಕ್ಕ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಸಿ ರುಜು ಹಾಕಿ ಕೊಟ್ಟರು. ಆ ಹಾಳೆ ಈಗ ಕುಡಿಯುವ ನೀರಿನ ಡ್ರಮ್ಮಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಅಂಟಿಕೊಂಡಿದೆ.

ಯಜಮಾನರ ಮುಂದೆ ನಿಂತದ್ದಕ್ಕಿಂತ ಕಷ್ಟವಾದದ್ದು ಹುಡುಗಿಯ ಮುಂದೆ ನಿಲ್ಲುವುದು. ಗೊತ್ತಿದ್ದೂ ಹೇಳಲಿಲ್ಲ ಎಂದು ಅಕ್ಕ ಒಪ್ಪಿಕೊಂಡಾಗ ಅವಳು ನೋಟ್‌ಪುಸ್ತಕ ಮುಚ್ಚಿದಳು. “ನನ್ನ ಕೆಲಸ ಹೋಗೋದ್ರಲ್ಲಿತ್ತು, ಅಕ್ಕ. ನಾಡಿದ್ದು ವಾಪಸ್ ಬಾ ಅಂತ ಕಾಗದ ಬಂದಿತ್ತು” ಎಂದಳು. ನನ್ನ ಕೆಲಸ ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬಳ ಕೆಲಸಕ್ಕೆ ಕೈಹಾಕಿದ್ದೆ ಎಂದು ಅಕ್ಕನಿಗೆ ಹೊಳೆದದ್ದು ಆಗ. ಆ ದಿನ ಹುಡುಗಿ ಅವರ ಜೊತೆ ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ಆರಕ್ಕೆಲ್ಲ ಬಂದು, ನೋಟ್‌ಪುಸ್ತಕ ಬಿಚ್ಚಿ, “ಆ ದನಿ ಹೇಗಿರುತ್ತೆ, ಕೇಳಿಸಿ” ಎಂದಳು.

ಇಬ್ಬರೂ ಕಿವಿಯ ಬಿರಡೆ ತೆಗೆದು, ಗಾಜಿನ ಬಾಗಿಲು ತೆರೆದಿಟ್ಟು, ಯಂತ್ರದ ಚಕ್ರಕ್ಕೆ ಕಿವಿಗೊಟ್ಟು ನಿಂತರು. ಹದಿನಾರನೇ ವಾಲ್ವಿನವರೆಗೆ ಹುಡುಗಿಗೆ ಏನೂ ತಿಳಿಯಲಿಲ್ಲ. ಹದಿನೇಳಕ್ಕೆ ಅಕ್ಕ ಬೆರಳೆತ್ತಿದರು. ಹದಿನೆಂಟಕ್ಕೆ ಹುಡುಗಿಯ ಹುಬ್ಬು ಮೇಲೇರಿತು. ಅವಳು ಓಡಿಹೋಗಿ ಪರದೆ ನೋಡಿದಳು. ದನಿ ತೆಳ್ಳಗಾದ ಹೊತ್ತಿಗೇ ಚಕ್ರದ ಮೋಟಾರು ಎಳೆಯುವ ಕರೆಂಟು ಒಂದಿಷ್ಟು ಇಳಿದಿತ್ತು. ಜಾರುವ ಚಕ್ರಕ್ಕೆ ಶ್ರಮ ಕಡಿಮೆ, ಅದಕ್ಕೆ. “ಅಕ್ಕ, ನಿಮ್ಮ ಕಿವಿಗೆ ಕೇಳಿಸಿದ್ದು ಇಲ್ಲಿ ಅಂಕಿಯಾಗಿ ಕಾಣ್ತಿದೆ” ಎಂದಳು. ಈಗ ಕರೆಂಟು ಇಳಿದ ಕೂಡಲೇ ಯಂತ್ರ ತಾನಾಗಿ ನಿಂತು, ಕೆಂಪು ದೀಪ ಹೊತ್ತಿಸಿ, ಬಾಚಲು ಕರೆಯುತ್ತದೆ. ಕೆಂಪು ದೀಪ ಬಂದರೆ ಶೆಡ್ಡಿನಲ್ಲಿ “ಅಳಿಯ ತಲೆ ಬಾಚಿಸ್ಕೊಳ್ಳೋಕೆ ಕರೀತಿದ್ದಾನೆ” ಎಂಬ ಕೂಗು ಏಳುತ್ತದೆ.

ಯಂತ್ರ ಈಗ ದಿನಕ್ಕೆ ನೂರ ನಲವತ್ತು ವಾಲ್ವ್ ಮುಗಿಸುತ್ತದೆ. ಉದ್ದಣ್ಣ ಅದರ ಚಕ್ರ, ಸೋಪುಗಳ ಉಸ್ತುವಾರಿ. ಒಂದು ಕಾಲದಲ್ಲಿ ಅಳಿಯನನ್ನು ಆಡಿಕೊಂಡವರು ಈಗ ಯಾರಾದರೂ ಅದರ ಗಾಜಿಗೆ ಎಣ್ಣೆ ಕೈ ಒರೆಸಿದರೆ ಸಿಡಿಮಿಡಿಗೊಳ್ಳುತ್ತಾರೆ. ಉಳಿದ ಮೂವರಲ್ಲಿ ಇಬ್ಬರು ಪರದೆ ನೋಡಿಕೊಳ್ಳುವುದನ್ನು ಕಲಿತಿದ್ದಾರೆ, ಒಬ್ಬರು ಇನ್ನೂ ಗುಂಡಿ ಒತ್ತುವ ಮೊದಲು ಕೈ ಮುಗಿಯುತ್ತಾರೆ. ಎಂಜಿನಿಯರ್ ಹುಡುಗಿ ಬೇರೆ ಊರಿನ ಕೆಲಸಕ್ಕೆ ಹೋಗಿ ಐದು ತಿಂಗಳಾಯಿತು. ವಾರಕ್ಕೊಮ್ಮೆ ಫೋನು ಮಾಡಿ, “ಅಕ್ಕ, ಇಲ್ಲಿ ನಲ್ಲಿಗಳ ಪಾಲಿಶ್. ಸ್ವಲ್ಪ ಕೇಳಿಸ್ಕೊಳ್ಳಿ” ಎಂದು ಫೋನನ್ನೇ ಚಕ್ರದ ಬಳಿ ಹಿಡಿಯುತ್ತಾಳೆ. ಅಕ್ಕ ಕಣ್ಣು ಮುಚ್ಚಿ ಕೇಳಿ, “ಸೋಪು ಜಾಸ್ತಿ ಆಯ್ತು ಕಣಮ್ಮ” ಎಂದೋ, “ಇನ್ನೊಂದು ನಾಲ್ಕು ಪೀಸು ನಡೆಯುತ್ತೆ ಬಿಡು” ಎಂದೋ ಹೇಳುತ್ತಾರೆ. ಮಗಳು ಅದನ್ನು ನೋಡಿ, “ಅಮ್ಮ ಫೋನಲ್ಲೇ ಔಷಧಿ ಬರೀತಾಳೆ” ಎಂದು ನಗುತ್ತಾಳೆ.

ಬೆರಳುಗಳಿಗೆ ಜೀವ ಮೆಲ್ಲಗೆ ಬರುತ್ತಿದೆ. ಪೂರ್ತಿ ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಎಡಗೈಯ ಎರಡು ಬೆರಳಿಗೆ ಈಗ ನೀರು ಬಿಸಿಯೋ ತಣ್ಣಗೋ ತಿಳಿಯುತ್ತದೆ. ಬಲಗೈ ಇನ್ನೂ ಹಟ ಹಿಡಿದಿದೆ.

ಯಂತ್ರಕ್ಕೆ ಇನ್ನೂ ಒಲಿಯದ್ದು ಒಂದಿದೆ: ವಾಲ್ವಿನ ಒಳತಿರುವು. ಹಾಲು ಒಳಗೆ ಬಂದು ಹೊರಳುವ ಆ ಗೇಣುದ್ದದ ಬಾಗಿನೊಳಗೆ ತೋಳು ತೂರುವುದಿಲ್ಲ. ಬೆರಳಿನಷ್ಟು ದಪ್ಪದ ಕೋಲಿಗೆ ಬಟ್ಟೆ ಸುತ್ತಿ, ಅದನ್ನು ಸಣ್ಣ ಮೋಟಾರಿನಿಂದ ಸುತ್ತಿಸಿ, ಕೈಯಿಂದಲೇ ಮಾಡಬೇಕು. ಐವರೂ ಸರದಿಯಲ್ಲಿ ಎರಡೆರಡು ಗಂಟೆ ಅದನ್ನು ಮಾಡುತ್ತಾರೆ. ಉಳಿದ ಹೊತ್ತಿನಲ್ಲಿ ಅಕ್ಕ ಮೇಜಿನ ಮೇಲೆ ತಂತಿ, ಸ್ಪ್ರಿಂಗು, ಹಳೇ ಚಕ್ರದ ಬಟ್ಟೆ ಹರಡಿಕೊಂಡು, ಯಂತ್ರಕ್ಕೆಂದು, ಬಾಗಿದಲ್ಲಿ ತಾನೂ ಬಾಗುವ ಕೋಲೊಂದನ್ನು ಕಟ್ಟಿ ನೋಡುತ್ತಿದ್ದಾರೆ. ನಾಲ್ಕು ಮುರಿದಿವೆ. ಐದನೆಯದು ಅರ್ಧ ದಾರಿಯವರೆಗೆ ಹೋಗಿ ಸಿಕ್ಕಿಕೊಂಡಿತಂತೆ. ಹುಡುಗಿಗೆ ಫೋನಿನಲ್ಲಿ ಅದರ ಚಿತ್ರ ಕಳಿಸಿದ್ದಾರೆ. ಯಜಮಾನರು ದಿನಕ್ಕೊಮ್ಮೆ ಬಂದು ಮೇಜಿನ ಬಳಿ ನಿಂತು, ಮುರಿದ ಕೋಲುಗಳನ್ನು ಎತ್ತಿ ನೋಡಿ ಹೋಗುತ್ತಾರೆ.

ಇನ್ನು ಮೂರು ವರ್ಷಕ್ಕೆ ಅಕ್ಕನಿಗೆ ನಿವೃತ್ತಿ. ಆಮೇಲೆ ಏನು ಆಸೆ ಎಂದು ಕೇಳಿದರೆ ಅಕ್ಕ ಸ್ಪ್ರಿಂಗನ್ನು ಬಗ್ಗಿಸಿ ಕೋಲಿಗೆ ಸಿಕ್ಕಿಸುತ್ತಾರೆ.

“ಆಮೇಲಿಂದು ಆಮೇಲೆ ನೋಡೋಣ. ಅದಕ್ಕಿಂತ ಮುಂಚೆ ಈ ಒಳತಿರುವು ಅಳಿಯನಿಗೆ ಕಲಿಸ್ಬೇಕು. ಎಲ್ಲರೂ ಹೋಗುವಾಗ ತಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡಿ ಹೋಗ್ತಾರೆ. ನಾನು, ಬೆರಳು ಮರಗಟ್ಟೋ ಆ ಜಾಗದಲ್ಲಿ ಇನ್ಯಾರೂ ನಿಲ್ಲಬೇಕಾಗಿಲ್ಲ ಅನ್ನೋ ಹಾಗೆ ಮಾಡಿ ಹೋಗ್ಬೇಕು ಅಂತಿದ್ದೀನಿ.”